ಹಗೇವಿನ ಜೋಳ

ಮಧ್ಯಾಹ್ನ ಎಲ್ಲರೂ ಡಬ್ಬಿ ಬಿಚ್ಚುವ ಹೊತ್ತಿಗೆ ನಾನು ಎದ್ದು ಕಿಟಕಿಯ ಕಡೆ ಹೋಗಿ ಕೂಡುತ್ತೇನೆ. ಇವಳಿಗೆ ಸೊಕ್ಕು, ನಾಲ್ಕು ಜನರ ಜೊತೆ ಉಣ್ಣುವುದಿಲ್ಲ ಎಂದು ನಮ್ಮ ಲ್ಯಾಬಿನವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ನನಗೇನು! ಕಾರಣ ಸೊಕ್ಕಲ್ಲ, ಸೌತೆಕಾಯಿ. ಹುಬ್ಬಳ್ಳಿಯಲ್ಲಿ ರೊಟ್ಟಿಯ ಡಬ್ಬಿ ಎಂದರೆ ಜೊತೆಗೆ ಹಸಿ ಸೌತೆಕಾಯಿ ಇದ್ದೇ ಇರುತ್ತದೆ. ಯಾರಾದರೂ ಅದನ್ನು ಮುರಿದರೆ ಸಾಕು, ಆ ತಂಪು ವಾಸನೆಗೆ ಗಜೇಂದ್ರಗಡದ ಒಂದು ಮಗ್ಗದ ಮನೆಯ ನೆಲ ಕಣ್ಣ ಮುಂದೆ ಬರುತ್ತದೆ. ಜೋಳ ನೆನೆಹಾಕಿ, ನೆಲದ ಮೇಲೆ ಹರವಿ, ಮೂರನೆಯ ದಿನ ಮೇಲಿನ ಬಟ್ಟೆ ಸರಿಸಿದರೆ ಬರುವುದು ಇದೇ ವಾಸನೆ. ಮೊಳಕೆ ಚೆನ್ನಾಗಿ ಬಂದಿದೆ ಎಂದು ಅದರಿಂದಲೇ ಗೊತ್ತಾಗುತ್ತದೆ.

ನಾನು ಆಗ ಬಿಯರ್ ಮಾಡುವ ಕೆಲಸದಲ್ಲಿದ್ದೆ. ಓದಿದ್ದು ಸೂಕ್ಷ್ಮಜೀವಿಗಳ ಬಗ್ಗೆ, ಸಿಕ್ಕ ಕೆಲಸ ಅದು, ಮಾಡುತ್ತ ಮಾಡುತ್ತ ಇಷ್ಟವೂ ಆಯಿತು. ಅವ್ವ ಸಾಯುವ ತನಕ ನೆಂಟರಿಗೆಲ್ಲ ನಾನು ಬಿಸ್ಕಿಟ್ ಕಾರ್ಖಾನೆಯಲ್ಲಿದ್ದೇನೆ ಎಂದೇ ಹೇಳಿದಳು. ಆ ಚಳಿಗಾಲದ ನನ್ನ ನೆನಪಿನಲ್ಲಿ ಬಿಯರ್ ಇದೆ, ಜೋಳ ಇದೆ, ಆದರೆ ಅದನ್ನೆಲ್ಲ ಮೀರಿ ಗಂಗವ್ವ ಎಂಬ ಹೆಣ್ಣುಮಗಳಿದ್ದಾಳೆ. ಆಕೆಯ ತವರಿನ ಬಾಗಿಲು ಮುಚ್ಚಿದ್ದು ನನ್ನ ಬಾಯಿಂದ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ಬರೆಯುತ್ತ ಬರೆಯುತ್ತ ನನ್ನನ್ನೇ ಒಳ್ಳೆಯವಳನ್ನಾಗಿ ಮಾಡಿಕೊಂಡುಬಿಡುತ್ತೇನೆ.

ಊರಿನಲ್ಲಿ ಮೊದಲು ನಮ್ಮದೊಂದೇ ಬ್ರೂವರಿ ಇತ್ತು. ಹೋಟೆಲಿನೊಳಗೇ ದೊಡ್ಡ ಹಂಡೆಗಳನ್ನಿಟ್ಟು, ಅಲ್ಲೇ ಕುದಿಸಿ, ಅಲ್ಲೇ ಹುದುಗಿಸಿ, ಅಲ್ಲೇ ಗ್ಲಾಸಿಗೆ ಹಿಡಿದು ಕೊಡುವ ಅಂಗಡಿ. ಶನಿವಾರ ಬಂದರೆ ಹೊರಗೆ ಜನ ಸಾಲುಗಟ್ಟಿ ನಿಲ್ಲುತ್ತಿದ್ದರು. ಆ ಸಾಲು ಕಂಡವರ ಕಣ್ಣು ಸುಮ್ಮನಿರುತ್ತದೆಯೇ? ಒಬ್ಬ ಬಿಲ್ಡರ್ ಎರಡನೆಯದನ್ನು ತೆರೆದ. ಮುಚ್ಚಿದ್ದ ಟಾಕೀಜಿನಲ್ಲಿ ಮೂರನೆಯದು ಬಂತು. ಆಮೇಲೆ ಎಣಿಸುವುದನ್ನು ಬಿಟ್ಟೆವು. ಎಲ್ಲರ ಹಂಡೆಯಲ್ಲೂ ಅದೇ ಗೋಧಿಯ ಬಿಯರ್, ಬೇಸಿಗೆ ಬಂತೆಂದರೆ ಎಲ್ಲರದೂ ಮಾವಿನಹಣ್ಣಿನದು. ಕುಡಿಯುವವರು ಮಾತ್ರ ಅಷ್ಟೇ ಜನ, ಈ ವಾರ ಇಲ್ಲಿ, ಮುಂದಿನ ವಾರ ಅಲ್ಲಿ. ಮಂಗಳವಾರ ನಮ್ಮ ವೇಟರುಗಳು ಖಾಲಿ ಟೇಬಲ್ ಒರೆಸಿದ್ದನ್ನೇ ಮತ್ತೆ ಒರೆಸುತ್ತ ನಿಲ್ಲುತ್ತಿದ್ದರು.

ನಮ್ಮ ಮಾಲಕರಿಗೆ ನಿದ್ದೆ ಹತ್ತುತ್ತಿರಲಿಲ್ಲ. ಒಂದು ದಿನ ನನ್ನನ್ನು ಕೂರಿಸಿಕೊಂಡು, "ಶೈಲಾ, ಎಲ್ಲಾರ ಗ್ಲಾಸಿನ್ಯಾಗೂ ಅದ ಐತಿ. ನಮ್ಮ ಕಡೆ ಬರಾಕ ಮಂದಿಗೆ ಏನರ ಕಾರಣ ಬೇಕಲ್ಲ?" ಎಂದರು.

ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. "ಸುತ್ತೆಲ್ಲಾ ಜ್ವಾಳ ಬೆಳೀತೈತಿ, ನಾವು ಬಾರ್ಲಿ ಎಲ್ಲಿಂದಲೋ ತರಸ್ತೀವಿ ಸರ್. ರೋಣದ ಬಿಳಿಜ್ವಾಳದಾಗ ಬಿಯರ್ ಮಾಡೂಣು. ಮೊಳಕಿ ಬರಿಸಿ ಒಣಗಸೂ ಕೆಲಸ ನಾ ಮಾಡ್ತೀನಿ" ಎಂದೆ.

"ಯುಗಾದಿಗೆ ಗ್ಲಾಸು ನನ್ನ ಟೇಬಲ್ ಮ್ಯಾಲೆ ಇರಬೇಕು. ಇರಲಿಲ್ಲಂದ್ರ ಹಂಡೆ ಮಾರಿ ಬಿರಿಯಾನಿ ಅಂಗಡಿ ತಗೀತೀನಿ" ಎಂದರು. ನಗುತ್ತಲೇ ಹೇಳಿದರು, ಆದರೆ ಅದು ನಗೆಯ ಮಾತಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಹಾಗೆ ನಾನು ಎಳ್ಳಮಾವಾಸ್ಯೆ ಮುಗಿದ ವಾರ ಗಜೇಂದ್ರಗಡಕ್ಕೆ ಬಂದಿಳಿದೆ. ಜೋಳ ರೋಣದ ಪೇಟೆಯಲ್ಲಿ ಸಿಗುತ್ತಿತ್ತು, ಆದರೆ ಮೊಳಕೆಗೆ ಬೇಕಾದದ್ದು ತಣ್ಣಗಿರುವ ನೆಲ ಮತ್ತು ದಪ್ಪ ಗೋಡೆ. ಅದು ಸಿಕ್ಕಿದ್ದು ಇಲ್ಲಿ, ನೇಕಾರರ ಓಣಿಯಲ್ಲಿ. ಐದು ಮಗ್ಗ ಕೂಡುತ್ತಿದ್ದ ಉದ್ದನೆಯ ಪಡಸಾಲೆಯಲ್ಲಿ ಈಗ ಒಂದೇ ಮಗ್ಗ ಉಳಿದಿತ್ತು, ಅದನ್ನು ಹಿಂದಿನ ಕೋಣೆಗೆ ಸರಿಸಿ ಪಡಸಾಲೆಯನ್ನು ನನಗೆ ಬಾಡಿಗೆಗೆ ಕೊಟ್ಟರು. ಮನೆಯೊಡತಿ ಗಂಗವ್ವ, ಐವತ್ತೈದರ ಆಸುಪಾಸು, ದಿನವಿಡೀ ಮಗ್ಗದ ಮೇಲೆ. ಗಂಡ ಕಲ್ಲಪ್ಪ ಪಕ್ಕದಲ್ಲಿ ಕುಳಿತು ನೂಲಿನ ಕಂಡಿಕೆ ಸುತ್ತುತ್ತಿದ್ದರು. ಸುತ್ತುತ್ತ ಸುತ್ತುತ್ತ ಲೋಕದ ಉಸಾಬರಿಯೆಲ್ಲ ಮಾತಾಡುತ್ತಿದ್ದರು.

ನಾನು ಮುಚ್ಚುಮರೆ ಮಾಡಲಿಲ್ಲ. ಬಿಯರಿಗೆ ಎಂದೇ ಹೇಳಿದೆ. ಗಂಗವ್ವ ಲಾಳಿ ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಸೆರೆ ಏನ?"

"ಸೆರೆ ಅಲ್ರಿ, ಬಿಯರು."

"ಕುಡದ್ರ ನಿಶಾ ಏರತೈತಿಲ್ಲ?"

"ಏರತೈತ್ರಿ."

"ಹಂಗಾದ್ರ ಸೆರೇನ. ಬಾಡಿಗಿ ಕೊಡ್ತಿ, ಇರು. ನಾ ಮಾತ್ರ ಅದಕ್ಕ ಕೈ ಹಚ್ಚಾಕಿ ಅಲ್ಲ."

ಮೊದಲ ಹದಿನೈದು ದಿನ ಆಕೆ ಈ ಕಡೆ ತಲೆಹಾಕಲಿಲ್ಲ. ನಾನೊಬ್ಬಳೇ ಜೋಳ ನೆನೆಸಿದೆ, ಬಸಿದೆ, ಹರವಿದೆ, ಗೋಣಿತಟ್ಟು ಹೊದಿಸಿ ನೀರು ಚಿಮುಕಿಸಿದೆ. ಗುಡ್ಡದ ಮೇಲಿನ ಗಾಳಿಯಂತ್ರಗಳು ದಿನವಿಡೀ ತಿರುಗುತ್ತಿದ್ದವು. ಅಲ್ಲಿಂದ ಇಳಿದು ಬರುವ ಒಣಗಾಳಿಗೆ ತುಟಿ ಒಡೆದು ಮಾತಾಡಲು ಆಗುತ್ತಿರಲಿಲ್ಲ. ಮಾತಾಡಲು ಯಾರಿದ್ದರು ಬಿಡಿ! ಗೋಡೆಯ ಆಚೆ ಮಗ್ಗದ ಲಟಪಟ ಸದ್ದು, ಕಲ್ಲಪ್ಪನವರ ಮಾತು, ಗಂಗವ್ವ ಬೈಯುವುದು, ರೊಟ್ಟಿ ಬಡಿಯುವುದು. ಈಚೆ ನಾನು, ಸ್ಟವ್ವಿನ ಮೇಲೆ ಅನ್ನಕ್ಕಿಟ್ಟು ಅವರ ಮನೆಯ ಒಗ್ಗರಣೆಯ ವಾಸನೆ ಕುಡಿಯುತ್ತ ಕೂತಿರುತ್ತಿದ್ದೆ. ಹುಬ್ಬಳ್ಳಿಯಲ್ಲೂ ಒಂಟಿಯೇ ಇದ್ದೆ, ಆದರೆ ಅಲ್ಲಿ ಸಂಸಾರದ ಸದ್ದು ಇಷ್ಟು ಹತ್ತಿರ ಇರಲಿಲ್ಲ. ನನಗೆ ಆ ಗೋಡೆಯ ಮೇಲೆ ಹೊಟ್ಟೆಕಿಚ್ಚಾಗುತ್ತಿತ್ತು.

ಒಂದು ಬೆಳಗ್ಗೆ ಚಪ್ಪಲಿ ಹಾಕಿಕೊಂಡೇ ಹರವಿದ ಜೋಳದ ನಡುವೆ ಕಾಲಿಟ್ಟು ಸಲಿಕೆಯಿಂದ ತಿರುವುತ್ತಿದ್ದೆ. ಬಾಗಿಲಲ್ಲಿ ಗಂಗವ್ವ ಕೂಗಿದ ಕೂಗಿಗೆ ಸಲಿಕೆ ಕೈಯಿಂದ ಬಿತ್ತು.

"ಏ ಖೋಡಿ! ಕಾಳ ತುಳೀತೀಯಲ್ಲ! ಬಿಡ ಚಪ್ಪಲಿ!"

ಬಿಟ್ಟೆ. ಆಕೆ ಸೀರೆ ಎತ್ತಿ ಸಿಕ್ಕಿಸಿಕೊಂಡು ಒಳಗೆ ಬಂದು ಮಂಡಿಯೂರಿ ಕೂತಳು. ಎರಡೂ ಅಂಗೈಗಳನ್ನು ಜೋಳದ ಅಡಿಗೆ ತೂರಿಸಿ ಮೆಲ್ಲಗೆ ಮಗುಚಿದಳು. ಮಗುಚುತ್ತ ಹಿಡಿಯಷ್ಟು ಎತ್ತಿ ಮೂಸಿದಳು. "ಬೂಸು ಹಿಡದೈತಿ ನೋಡಿಲ್ಲೆ. ಈ ಹಳೀ ಗೋಣಿತಟ್ಟು ಯಾಂವ ಹೊದಿಸೆಂದ?" ಎಂದು ಎದ್ದು ಹೋದಳು. ಮರುದಿನ ಮೆತ್ತಗಾದ ಹಳೆಯ ಕೈಮಗ್ಗದ ಸೀರೆಗಳನ್ನು ಸುಣ್ಣದ ತಿಳಿನೀರಲ್ಲಿ ಕುದಿಸಿ, ಹಿಂಡಿ, ಒಂದು ಗಂಟು ತಂದು ನನ್ನ ಮುಂದೆ ಒಗೆದಳು.

"ಕೈ ಹಚ್ಚೂದಿಲ್ಲ ಅಂದಿದ್ರಿ" ಎಂದೆ. ಸುಮ್ಮನಿರಬೇಕಿತ್ತು, ಆದರೆ ನನ್ನ ನಾಲಿಗೆ ಎಂದು ಸುಮ್ಮನಿದ್ದದ್ದು?

"ಮೊಳಕಿ ಒಡದ ಕಾಳು ಸೆರೆ ಹ್ಯಾಂಗ ಆಗತೈತಿ? ಅದು ಇನ್ನಾ ಕೂಸು. ಸೆರೆ ಆಗೂದು ನಿಮ್ಮ ಹುಬ್ಬಳ್ಳ್ಯಾಗ. ಆ ಪಾಪ ನಿಮ್ಮ ಮಾಲಕಂದು" ಎಂದಳು. ಒಳಗಿನಿಂದ ಕಲ್ಲಪ್ಪ, "ನಮ್ಮಾಕಿ ವಕೀಲಿ ಓದಬೇಕಿತ್ತು, ತಪ್ಪಿ ಮಗ್ಗಕ್ಕ ಕುಂತಾಳ" ಎಂದರು. ಆ ದಿನ ನಾವು ಮೂರೂ ಜನ ನಕ್ಕೆವು. ಹಾಗೆ ನಕ್ಕು ಎಷ್ಟೋ ದಿನವಾಗಿತ್ತು.

ಆಮೇಲಿನ ಒಂದೂವರೆ ತಿಂಗಳು ನನ್ನ ಬಾಳಿನ ಒಳ್ಳೆಯ ದಿನಗಳು. ಮುಂಜಾನೆ ಮಗ್ಗಕ್ಕೆ ಕೂಡುವ ಮೊದಲು ಗಂಗವ್ವ ಬಂದು ನನ್ನ ಜೊತೆ ಒಂದು ಸಲ ಜೋಳ ಮಗುಚುತ್ತಿದ್ದಳು. ಬರಿಗಾಲಲ್ಲಿ ನಡೆದರೆ ಎಲ್ಲಿ ಬಿಸಿಯೇರಿದೆ, ಎಲ್ಲಿ ನೀರು ಕಡಿಮೆಯಾಗಿದೆ ಎಂದು ಅಂಗಾಲಿಗೇ ತಿಳಿಯುತ್ತಿತ್ತು. ನಾಲ್ಕನೆಯ ದಿನ ಮಾಳಿಗೆಯ ಮೇಲೆ ಒಣಹಾಕಿ, ಐದನೆಯ ದಿನ ಉಜ್ಜಿ ಬೇರು ಕಳಚಿ ಕೇರುತ್ತಿದ್ದೆವು. ಸಂಜೆ ಆಕೆ ನನಗೂ ಸೇರಿಸಿ ರೊಟ್ಟಿ ಬಡಿಯುತ್ತಿದ್ದಳು. ಸೀತನಿಯ ದಿನಗಳಲ್ಲಿ ಯಾರೋ ಹೊಲದಿಂದ ತಂದುಕೊಟ್ಟ ಎಳೆ ತೆನೆಗಳನ್ನು ಕೆಂಡದಲ್ಲಿ ಸುಟ್ಟು, ತಿಕ್ಕಿ, ಬಿಸಿಬಿಸಿ ಕಾಳನ್ನು ನನ್ನ ಉಡಿಗೆ ಸುರಿದಳು. ಅವ್ವ ಹೋದಮೇಲೆ ನನ್ನ ಉಡಿಗೆ ಏನನ್ನಾದರೂ ಹಾಕಿದವರು ಆಕೆಯೊಬ್ಬಳೇ. ನಾನು ಆಕೆಯನ್ನು ಅಕ್ಕಾ ಎನ್ನತೊಡಗಿದೆ. ಆಕೆ ತಂಗೀ ಎನ್ನತೊಡಗಿದಳು.

ಎರಡು ಚೀಲ ಮೊಳಕೆಜೋಳ ಹುಬ್ಬಳ್ಳಿಗೆ ಹೋಯಿತು. ನಾನೂ ಹೋಗಿ ಸಣ್ಣ ಹಂಡೆಯಲ್ಲಿ ಬಿಯರ್ ಮಾಡಿ ಬಂದೆ. ಮೂರು ವಾರದ ಮೇಲೆ ಮಾಲಕರು ಕುಡಿದು ನೋಡಿ ಫೋನ್ ಮಾಡಿದರು. "ಶೈಲಾ, ರೊಟ್ಟಿ ಸುಡೂ ವಾಸನಿ ಬರತೈತಲ್ಲ! ಇದು ಯಾರ ಹಂತೇಕನೂ ಇಲ್ಲ. ಯುಗಾದಿಗೆ ದೊಡ್ಡ ಹಂಡೆ ತುಂಬಬೇಕು" ಎಂದರು. ಆದರೆ ಅದೇ ಉಸಿರಿನಲ್ಲಿ, "ಟಾಕೀಜಿನವರೂ ಸಿರಿಧಾನ್ಯದ ಬಿಯರ್ ಅಂತ ಬೋರ್ಡ ಬರಸಾಕತ್ತಾರಂತ. ಅವರಕಿಂತಾ ಮೊದಲ ನಮ್ಮದು ಬರಬೇಕು, ಲಗೂ ಮಾಡು" ಎಂದರು.

ನಾನು ಕಲ್ಲಪ್ಪನವರ ಮುಂದೆ ಈ ಸಂಕಟ ಹೇಳಿಕೊಂಡೆ. ಅವರು ಕಂಡಿಕೆ ಸುತ್ತುವ ಕೈ ನಿಲ್ಲಿಸದೆ ಹೇಳಿದರು, "ನಮ್ಮ ಓಣ್ಯಾಗ ಮನಿಗೊಂದ ಅಲ್ಲ, ಮನಿಗೆ ನಾಕ ಮಗ್ಗ ಇದ್ದೂವು. ಒಬ್ಬಾಂವ ಪಟ್ಟೇದಂಚಿನ ಸೀರಿ ನೇದು ನಾಕ ಕಾಸು ಕಂಡ ಅಂದ್ರ ಎಲ್ಲಾರೂ ಪಟ್ಟೇದಂಚ. ನೇಯಾವ್ರು ಹೆಚ್ಚಾದ್ರು, ಉಡಾವ್ರು ಅಷ್ಟ ಉಳದ್ರು. ಆವಾಗ ಎಲ್ಲಾರೂ ಏನ ಮಾಡಿದ್ರು ಗೊತ್ತೇನ? ಇನ್ನಾ ಲಗೂ ಲಗೂ ನೇದ್ರು. ಅಲ್ಲೇ ಕೆಟ್ಟಿದ್ದು."

"ನೀವು ಹ್ಯಾಂಗ ಉಳದ್ರಿ ಮಾಮಾ?"

"ನಾ ಎಲ್ಲಿ ಉಳದೀನಿ? ಈಕಿ ಉಳದಾಳ. ಸಾವಕಾಶ ನೇಯ್ತಾಳ, ಬೈಕೋಂತ ನೇಯ್ತಾಳ" ಎಂದರು. ಅವರ ಮಾತು ನನಗೆ ಅರ್ಥವಾಯಿತು. ಆದರೆ ಲಗೂ ಮಾಡು ಎಂದವರು ಸಂಬಳ ಕೊಡುವವರು, ನನ್ನ ಕಿವಿ ಅವರ ಕಡೆಯೇ ಇತ್ತು.

ದೊಡ್ಡ ಹಂಡೆಗೆ ಒಂದೇ ಬಗೆಯ, ಒಂದೇ ಹೊಲದ ಜೋಳ ಬೇಕಿತ್ತು. ಪೇಟೆಯ ಚೀಲದಲ್ಲಿ ಹತ್ತು ಊರಿನ ಕಾಳು ಬೆರೆತಿರುತ್ತದೆ, ಒಂದು ಮೊಳೆತರೆ ಇನ್ನೊಂದು ಮಲಗಿರುತ್ತದೆ. ಆ ವರ್ಷದ ಹೊಸ ಜೋಳ ಇನ್ನೂ ಕಣದಲ್ಲಿತ್ತು, ಬಂದರೂ ಒಂದಿಷ್ಟು ದಿನ ಆರಬೇಕು. ನಾನು ತಲೆ ಮೇಲೆ ಕೈಹೊತ್ತು ಕೂತದ್ದನ್ನು ಗಂಗವ್ವ ನೋಡಿದಳು. "ಯಾವಗಲ್ಲಿಗೆ ಹೋಗೂಣು ನಡಿ. ನಮ್ಮ ಅಣ್ಣನ ಹಂತೇಕ ಐತಿ, ಮುತ್ತಿನಂಥಾ ಜ್ವಾಳ" ಎಂದಳು.

ಯಾವಗಲ್ ಆಕೆಯ ತವರು. ಅಣ್ಣ ಬಸಪ್ಪ ಒಕ್ಕಲುತನದವರು, ಬಿಳಿಯ ಮೀಸೆ, ಮೆತ್ತಗಿನ ಮಾತು. ಅವರಪ್ಪ ಸೆರೆ ಕುಡಿದು ಕುಡಿದೇ ಸತ್ತವನಂತೆ. ಅಂದಿನಿಂದ ಆ ಮನೆಯ ಹೊಸ್ತಿಲೊಳಗೆ ಸೆರೆಯ ಹೆಸರೆತ್ತುವಂತಿರಲಿಲ್ಲ. ಇದನ್ನು ಗಂಗವ್ವ ನನಗೆ ಹೇಳಿದ್ದು ಬಸ್ಸಿನಲ್ಲಿ, ಊರು ಇನ್ನೇನು ಬಂತು ಎನ್ನುವಾಗ.

"ಮತ್ತ ಏನಂತ ಜ್ವಾಳ ಕೇಳ್ತೀರಿ ಅಕ್ಕಾ?"

"ನೀ ಸುಮ್ಮನ ಕುಂದ್ರು" ಎಂದಳು.

ಚಹಾ ಕೊಟ್ಟರು. ಗಂಗವ್ವ ಸೆರಗು ಸರಿಮಾಡಿಕೊಂಡು, "ಅಣ್ಣಾ, ಈ ಹುಡುಗಿ ಹುಬ್ಬಳ್ಳ್ಯಾಗ ರೊಟ್ಟಿ ಖಾನಾವಳಿ ತಗಿಯಾಕಿ ಅದಾಳ. ಚಲೋ ಜ್ವಾಳ ಬೇಕಂತ" ಎಂದಳು. ನಾನು ಬಸಿಯಲ್ಲಿದ್ದ ಚಹಾ ನೋಡುತ್ತ ಕೂತೆ. ಅಲ್ಲ ಎನ್ನಲಿಲ್ಲ. ಆ ಸುಳ್ಳಿನಲ್ಲಿ ಅರ್ಧ ನನ್ನದು.

ಬಸಪ್ಪನವರ ಮುಖ ಅರಳಿತು. "ಅನ್ನ ಹಾಕೂ ಕೆಲಸಕ್ಕ ಕೇಳಾಕತ್ತೀರಿ, ಪ್ಯಾಟಿ ಜ್ವಾಳ ಯಾಕ್ರಿ? ಮಠದ ದಾಸೋಹಕ್ಕಂತ ಹಗೇವಿನ್ಯಾಗ ಇಟ್ಟದ್ದೈತಿ. ಅದರಾಗ ಅರ್ಧ ಒಯ್ಯಿರಿ" ಎಂದರು.

ಹಗೇವು ಎಂದರೆ ಜೋಳ ಕೂಡಿಡಲು ನೆಲದಲ್ಲಿ ತೋಡಿದ ಆಳವಾದ ಕುಣಿ. ಸಣ್ಣ ಬಾಯಿ, ದೊಡ್ಡ ಹೊಟ್ಟೆ, ಸುತ್ತಲೂ ಹುಲ್ಲು, ಮೇಲೆ ಕಲ್ಲು ಮತ್ತು ಮಣ್ಣು. ಬೇರೆಯವರೆಲ್ಲ ಮುಚ್ಚಿ ಅದರ ಮೇಲೆ ಮನೆ ಕಟ್ಟಿಕೊಂಡಿದ್ದರೂ ಬಸಪ್ಪ ಒಂದನ್ನು ಉಳಿಸಿಕೊಂಡಿದ್ದರು. ಕಲ್ಲು ಸರಿಸಿ, ಒಳಗಿನ ಕೆಟ್ಟ ಗಾಳಿ ಹೋಗಲೆಂದು ಅರ್ಧ ದಿನ ಬಿಟ್ಟು, ದೀಪ ಇಳಿಬಿಟ್ಟು ಆರುವುದಿಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆ ಇಳಿದರು. ಮೊದಲ ಬುಟ್ಟಿ ಮೇಲೆ ಬಂದಾಗ ಅದಕ್ಕೆ ಅರಿಷಿಣ ಕುಂಕುಮ ಹಾಕಿ ಗಂಗವ್ವನ ಉಡಿಗೆ ನಾಲ್ಕು ಕಾಳು ಹಾಕಿದರು. ಗಂಗವ್ವನ ಕಣ್ಣಲ್ಲಿ ನೀರಿತ್ತು.

ಬಿಯರಿಗೆ ಕಾಳು ತಂದವರು ಮಾಡಬೇಕಾದ ಮೊದಲ ಕೆಲಸ ನನಗೆ ಗೊತ್ತಿಲ್ಲದ್ದೇನಲ್ಲ. ನೂರು ಕಾಳು ಎಣಿಸಿ, ಒದ್ದೆ ಬಟ್ಟೆಯಲ್ಲಿಟ್ಟು, ಎಷ್ಟು ಮೊಳೆಯುತ್ತವೆ ನೋಡಬೇಕು. ಅದಕ್ಕೆ ಎರಡು ಮೂರು ದಿನ ಹಿಡಿಯುತ್ತದೆ. ದಾಸೋಹದ ಜೋಳ ಅರಿಷಿಣ ಹಚ್ಚಿ ಕೊಟ್ಟವರ ಮುಂದೆ, ನಿಲ್ಲಿ, ನಿಮ್ಮ ಕಾಳು ಪರೀಕ್ಷೆ ಮಾಡುತ್ತೇನೆ ಎನ್ನುವುದೇ? ರೊಟ್ಟಿಗೆ ಎಂದವಳು ಮೊಳಕೆಯನ್ನೇಕೆ ನೋಡುತ್ತಾಳೆ? ಗಜೇಂದ್ರಗಡಕ್ಕೆ ಬಂದಮೇಲಾದರೂ ನೋಡಬಹುದಿತ್ತು. ಮಾಲಕರ ಫೋನು, ಟಾಕೀಜಿನವರ ಬೋರ್ಡು, ಹತ್ತಿರ ಬಂದ ಯುಗಾದಿ. ನೋಡಲಿಲ್ಲ. ಪೇಟೆಯ ದರ ಕೊಟ್ಟು ಟ್ರ್ಯಾಕ್ಟರಿನಲ್ಲಿ ಹೇರಿಸಿಕೊಂಡು ಬಂದೆ. ದಾರಿಯಲ್ಲಿ ಗಂಗವ್ವ ನನ್ನ ಕೈ ಹಿಡಿದುಕೊಂಡಳು.

"ತಂಗೀ, ಸೆರೆಗೆ ಅಂತ ಅಣ್ಣಗ ಗೊತ್ತಾಗಬಾರದವ್ವಾ. ಗೊತ್ತಾತಂದ್ರ ಆ ಬಾಗಲಾ ನನಗ ಬಂದಾದಂಗ. ನನಗಿರೂದು ಅದೊಂದ ಬಾಗಲಾ."

"ನಾ ಯಾಕ ಹೇಳಲಿ ಅಕ್ಕಾ? ಆಣಿ ಮಾಡ್ತೀನಿ, ಹೇಳೂದಿಲ್ಲ" ಎಂದೆ. ಆಕೆಯ ಕೈಯ ಮೇಲೆ ಕೈಯಿಟ್ಟೇ ಆಣೆ ಮಾಡಿದೆ.

ಜೋಳವನ್ನೆಲ್ಲ ಒಂದೇ ಸಲ ನೆನೆಸಿ ಪಡಸಾಲೆಯ ತುಂಬ ಹರವಿದೆವು. ಎರಡನೆಯ ದಿನ ಏನೂ ಕಾಣಲಿಲ್ಲ. ಚಳಿ ಇರಬೇಕು ಎಂದುಕೊಂಡೆ, ಫಾಲ್ಗುಣದಲ್ಲಿ ಎಲ್ಲಿಯ ಚಳಿ! ಮೂರನೆಯ ದಿನ ಸೀರೆ ಸರಿಸಿದೆ. ಸೌತೆಕಾಯಿಯ ವಾಸನೆ ಬರಲಿಲ್ಲ. ಹುಳಿ ಬಂತು, ಹಳಸಿದ ಅನ್ನದ ಹುಳಿ. ಮೊಣಕಾಲೂರಿ ಕಾಳು ಕಾಳಾಗಿ ನೋಡುತ್ತ ಹೋದೆ. ಎಲ್ಲಿಯೂ ಒಂದು ಬಿಳಿಯ ಮೂತಿ ಇಲ್ಲ. ನಾಲ್ಕನೆಯ ದಿನಕ್ಕೆ ಬೆರಳಿಟ್ಟರೆ ಕಾಳು ಹಿಟ್ಟಾಗಿ ಜಾರುತ್ತಿತ್ತು.

ಅಂದೇ ಬೆಳಗ್ಗೆ ಮಾಲಕರಿಗೆ ಹೇಳಿದೆ. ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಸಾಕ ಮಾಡು ಶೈಲಾ, ಬಂದಬಿಡು. ನೋಡೂಣಂತ" ಎಂದರು. ನೋಡೂಣಂತ ಎಂದರೆ ಮುಗಿಯಿತು ಎಂದರ್ಥ. ನಾನು ಒದ್ದೆ ನೆಲದ ಮೇಲೆ ಗೋಡೆಗೊರಗಿ ಕೂತಿದ್ದೆ. ಗಂಗವ್ವ ಬಾಗಿಲಲ್ಲಿ ನಿಂತು, "ಹಿಂಗ್ಯಾಕಾತು? ನಮ್ಮ ತವರಿನ ಜ್ವಾಳ ಹಿಂಗ್ಯಾಕ ಮಾಡ್ತು?" ಎಂದು ಅದನ್ನೇ ಅನ್ನುತ್ತಿದ್ದಳು. ಹದಿನಾರಕ್ಕೆ ಮದುವೆಯಾಗಿ ಬಂದು ಮಗ್ಗಕ್ಕೆ ಕೂತವಳು. ಹಗೇವಿನ ಜೋಳದ ರೊಟ್ಟಿಯ ರುಚಿ ಗೊತ್ತಿತ್ತು, ಅದರ ಬೇರೆ ಗುಣ ಗೊತ್ತಿರಲಿಲ್ಲ.

ಅಷ್ಟರಲ್ಲಿ ಹೊರಗೆ ಬಸಪ್ಪನವರ ದನಿ ಕೇಳಿಸಿತು. ರೋಣದ ಕಮ್ಮಾರರ ಹತ್ತಿರ ಖಾನಾವಳಿಗೆಂದು ಅಗಲವಾದ ಕಬ್ಬಿಣದ ಹಂಚು ಮಾಡಿಸಿಕೊಂಡು, ಅದನ್ನು ಹೆಗಲ ಮೇಲೆ ಹೊತ್ತು ಬಸ್ಸಿನಲ್ಲಿ ಬಂದಿದ್ದರು. "ಒಮ್ಮಿಗೆ ನಾಕ ರೊಟ್ಟಿ ಕುಂದರ್ತಾವ ನೋಡ್ರಿ" ಎನ್ನುತ್ತ ಒಳಗೆ ಕಾಲಿಟ್ಟವರು ನೆಲ ನೋಡಿ ನಿಂತುಬಿಟ್ಟರು.

"ಇದಕ್ಕ ನೀರ ಯಾಕ ಹಾಕೀರಿ?"

ಅವರು ಬಗ್ಗಿ ಒಂದು ಹಿಡಿ ಎತ್ತಿ ನೋಡಿದರು. "ಮೊಳಕಿ ಬರಸಾಕ ಹೋಗಿದ್ರೇನು? ಹಗೇವಿನ ಜ್ವಾಳ ಮೊಳಿಯೂದಿಲ್ಲ ಅಂತ ಸಾಲಿ ಹುಡುಗರಿಗೂ ಗೊತ್ತೈತಿ. ಗಾಳಿ ಇಲ್ಲದ ಜಾಗಾದಾಗ ಕಾಳಿನ ಜೀವ ಹೋಗಿರತೈತಿ. ಅದು ಉಣ್ಣೂ ಜ್ವಾಳ. ಮೊಳಕಿಗೆ ಬೇಕಂದಿದ್ರ ಬಿತ್ತೂ ಬೀಜ ಕೊಡ್ತಿದ್ನೆಲ್ಲ, ಚೀಲಗಟ್ಟಲೆ ಐತಿ. ಗಂಗೀ, ರೊಟ್ಟಿಗೆ ಅಂತಲ್ಲ ನೀ ಹೇಳಿದ್ದು?"

"ಹೌದಣ್ಣಾ, ರೊಟ್ಟಿಗೇನ... ಕೂಸುಗಳ ಹಿಟ್ಟಿಗಂತ ಒಂದೀಟು ಮೊಳಕಿ..." ಎಂದು ಗಂಗವ್ವ ತಡವರಿಸಿದಳು.

ಬಿತ್ತುವ ಬೀಜ ಚೀಲಗಟ್ಟಲೆ ಇತ್ತು! ಒಂದು ಖರೆ ಮಾತು ಹೇಳಿದ್ದರೆ ಸಿಗುತ್ತಿತ್ತು! ಅಷ್ಟು ದಿನದ ದುಡಿಮೆ, ಒಣಗಾಳಿ, ಒಂಟಿತನ, ಮಾಲಕರ ಆ ತಣ್ಣನೆಯ ಮಾತು ಎಲ್ಲ ಸೇರಿ ನನ್ನ ತಲೆಗೇರಿತು. "ಸುಳ್ಳ ಸಾಕ ಮಾಡ್ರಿ ಅಕ್ಕಾ!" ಎಂದು ಕಿರುಚಿದೆ. "ನಿಮ್ಮ ಸುಳ್ಳಿನಿಂದನ ಇಷ್ಟೆಲ್ಲಾ ಆತು. ಸೆರೆಗ್ರಿ ಬಸಪ್ಪಾರ, ಸೆರೆಗೆ! ನಾ ಬಿಯರ್ ಮಾಡಾಕಿ. ನಿಮ್ಮ ತಂಗಿಗೆ ಮೊದಲಿಂದಾನೂ ಗೊತ್ತೈತಿ. ದಿನಾ ಆಕಿನೂ ಕೈ ಹಚ್ಚಿ ಮಾಡ್ಯಾಳ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹೇಳಿ ಬಾಯಿ ಮುಚ್ಚುವ ಮೊದಲೇ ನನಗೆ ತಿಳಿಯಿತು. ನಾನೂ ಯಾವಗಲ್ಲಿನಲ್ಲಿ ಸುಮ್ಮನೆ ಕೂತವಳು ಎಂದು ಹೇಳಬೇಕಿತ್ತು. ಆಗಲೂ ಹೇಳಲಿಲ್ಲ.

ಬಸಪ್ಪ ಕೈಯಲ್ಲಿದ್ದ ಹಿಡಿ ಜೋಳವನ್ನು ಮೆಲ್ಲಗೆ ನೆಲಕ್ಕೆ ಬಿಟ್ಟರು. "ನಿನಗ ಗೊತ್ತಿತ್ತೇನ ಗಂಗವ್ವಾ?" ಎಂದರು. ಗಂಗೀ ಎನ್ನಲಿಲ್ಲ. ಆಕೆ ಹೌದೆಂದು ತಲೆಯಾಡಿಸಿದಳು. ಕಲ್ಲಪ್ಪ ತಂಬಿಗೆಯಲ್ಲಿ ನೀರು ತಂದು ನಿಂತಿದ್ದರು. ಬಸಪ್ಪ ಅದನ್ನು ಮುಟ್ಟದೆ, ಚಪ್ಪಲಿ ಮೆಟ್ಟಿ ಬಸ್ ಸ್ಟ್ಯಾಂಡಿನ ಕಡೆ ನಡೆದರು.

ಗಂಗವ್ವ ನನ್ನನ್ನು ಬೈಯಲಿಲ್ಲ. ಅತ್ತದ್ದೂ ಇಲ್ಲ. ಹೋಗಿ ಮಗ್ಗದ ಮೇಲೆ ಕೂತಳು. ಲಾಳಿ ಓಡಿಸಲಿಲ್ಲ. ಕಲ್ಲಪ್ಪ ನನ್ನ ಹತ್ತಿರ ಬಂದು, "ತಂಗೀ, ನೀ ನಾಳೆ ಹೊಂಟಬಿಡವ್ವಾ" ಎಂದಷ್ಟೇ ಹೇಳಿದರು. ಅಷ್ಟು ಮಾತಾಡುವ ಮನುಷ್ಯ ಅದಕ್ಕಿಂತ ಹೆಚ್ಚು ಏನೂ ಆಡಲಿಲ್ಲ. ಹುಳಿತ ಜೋಳವನ್ನು, ತಿಂದರೆ ಹೊಟ್ಟೆ ಕೆಟ್ಟೀತೆಂದು, ಓಣಿಯ ದನಕರುಗಳಿಗೂ ಹಾಕಗೊಡದೆ ಹೊರಗೆ ಸಾಗಿಸಿ ಹುಗಿಸಿದೆ. ಪಡಸಾಲೆಯ ನೆಲವನ್ನು ನಾನೊಬ್ಬಳೇ ತೊಳೆದೆ.

ಹುಬ್ಬಳ್ಳಿಯಲ್ಲಿ ಯುಗಾದಿಗೆ ಟಾಕೀಜಿನವರ ಬೋರ್ಡು ಬಂತು. ಬಾರ್ಲಿಗೇ ಒಂದಿಷ್ಟು ಜೋಳದ ಹಿಟ್ಟು ಬೆರೆಸಿ ಜೋಳದ ಬಿಯರ್ ಎಂದು ಮಾರಿದರು. ಎರಡು ವಾರ ಜನ ನುಗ್ಗಿದರು, ಆಮೇಲೆ ಮರೆತರು. ಮಳೆಗಾಲ ಹಿಡಿಯುವಷ್ಟರಲ್ಲಿ ಎರಡು ಬ್ರೂವರಿಗಳು ಬಾಗಿಲು ಹಾಕಿದವು, ಮೂರನೆಯದು ನಮ್ಮದು. ಹಂಡೆಗಳನ್ನು ಬೇರೆ ಊರಿನವರು ಲಾರಿಯಲ್ಲಿ ಒಯ್ದರು. ಮಾಲಕರು ಹೇಳಿದಂತೆಯೇ ಬಿರಿಯಾನಿ ಹಾಕಿದರು. ನಾನು ಉಪ್ಪಿನಕಾಯಿ ಕಾರ್ಖಾನೆಯ ಲ್ಯಾಬಿಗೆ ಸೇರಿದೆ. ನನ್ನ ಜೋಳ ಮೊಳೆತಿದ್ದರೂ ನಮ್ಮ ಅಂಗಡಿ ಉಳಿಯುತ್ತಿತ್ತೇ? ಇನ್ನೊಂದು ವರ್ಷ ಉಳಿಯುತ್ತಿತ್ತೇನೋ, ಅಷ್ಟೇ. ಅಷ್ಟಕ್ಕಾಗಿ ಆಣೆ ಮುರಿದೆ.

ಶ್ರಾವಣ ಬಂತು. ನಾಗರಪಂಚಮಿಗೆ ಅಣ್ಣಂದಿರು ಬಂದು ತಂಗಿಯರನ್ನು ತವರಿಗೆ ಕರೆದೊಯ್ಯುವ ದಿನಗಳು. ನಮ್ಮ ಲ್ಯಾಬಿನ ಹೆಂಗಸರೆಲ್ಲ ರಜೆ ಹಾಕಿ ಹೊರಟಾಗ ನನಗೆ ಇರಲಾಗಲಿಲ್ಲ. ಪಂಚಮಿಯ ಹಿಂದಿನ ದಿನ ಮೊದಲು ಯಾವಗಲ್ಲಿಗೆ ಹೋದೆ. ಬಸಪ್ಪ ಕಟ್ಟೆಯ ಮೇಲೆ ಕೂರಿಸಿದರು, ಮಜ್ಜಿಗೆ ಕೊಟ್ಟರು. ನಾನು ಕಾಲಿಗೆ ಬಿದ್ದೆ, ತಪ್ಪೆಲ್ಲ ನನ್ನದು, ಆ ಸುಳ್ಳಿನಲ್ಲಿ ನಾನೂ ಇದ್ದೆ ಎಂದೆ.

"ಏಳ್ರಿ. ನಿಮ್ಮ ಮ್ಯಾಲೆ ನನಗ ಸಿಟ್ಟಿಲ್ಲ, ನೀವು ಹೊರಗಿನವರು" ಎಂದರು. "ನಮ್ಮಪ್ಪನ್ನ ಮಣ್ಣಿಗಿಟ್ಟಾಗ ಆಕಿ ನನ್ನ ಬಾಜೂಕ ನಿಂತಿದ್ಲು. ಎಲ್ಲಾ ಗೊತ್ತಿದ್ದಾಕಿ ದಾಸೋಹದ ಜ್ವಾಳ ಸೆರೆಗೆ ಕೇಳಿದ್ಲಲ್ಲ. ನಾ ಹ್ಯಾಂಗ ಕರಿಯಾಕ ಹೋಗ್ಲಿ, ನೀವ ಹೇಳ್ರಿ."

ಅಲ್ಲಿಂದ ರೋಣದ ಮೇಲೆ ಗಜೇಂದ್ರಗಡಕ್ಕೆ ಬಂದೆ. ಜಿಟಿಜಿಟಿ ಮಳೆ. ಗಂಗವ್ವ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದಳು. ತಾನೇ ನೇಯ್ದ ಹೊಸ ಪಟ್ಟೇದಂಚಿನ ಸೀರೆ, ತಲೆತುಂಬ ಹೂ, ಕೈತುಂಬ ಹಸಿರು ಬಳೆ, ಕಾಲ ಬಳಿ ಬಟ್ಟೆಯ ಚೀಲ. ಒಂದು ಕ್ಷಣ ಬಸಪ್ಪನವರು ಮನಸ್ಸು ಬದಲಿಸಿ ನನಗಿಂತ ಮೊದಲೇ ಹೇಳಿಕಳಿಸಿದರೇನೋ ಅನ್ನಿಸಿತು. ಕಲ್ಲಪ್ಪ ನನ್ನನ್ನು ಬಾಗಿಲಿನ ಮರೆಗೆ ಕರೆದು ಪಿಸುಗುಟ್ಟಿದರು, "ಮೂರ ದಿನಾ ಆತು. ಮುಂಜಾನೆದ್ದು ಹಿಂಗ ತಯಾರಾಗಿ ಕುಂದರ್ತಾಳ."

ನಾನು ಹೋಗಿ ಆಕೆಯ ಪಕ್ಕ ಕೂತೆ. ಆಕೆ ಸರಿದು ಜಾಗ ಮಾಡಿಕೊಟ್ಟಳು. "ಉಂಡೀಯೇನ?" ಎಂದು ಕೇಳಿದಳು. ಹೂಂ ಎಂದೆ. ಯಾವಗಲ್ಲಿಗೆ ಹೋಗಿ ಬಂದೆ ಎಂದು ಹೇಳಲು ಬಾಯಿ ಬರಲಿಲ್ಲ. ಓಣಿಯ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಅಣ್ಣತಮ್ಮಂದಿರ ಮೋಟರ್ ಸೈಕಲ್ ಹತ್ತಿ ನಗುತ್ತ ಹೋದರು. ಎದುರಿನ ಬೇವಿನ ಮರಕ್ಕೆ ಮಕ್ಕಳು ಜೋಕಾಲಿ ಕಟ್ಟುತ್ತಿದ್ದರು. ಬಸ್ಸಿನ ಸದ್ದು ಕೇಳಿದಾಗಲೆಲ್ಲ ಗಂಗವ್ವ ಓಣಿಯ ತುದಿಗೆ ಕಣ್ಣು ಹಾಯಿಸುತ್ತಿದ್ದಳು. ಇಳಿದವರೆಲ್ಲ ಅವರವರ ಮನೆಗೆ ಹೋಗುತ್ತಿದ್ದರು. ಹೀಗೆ ಎಷ್ಟು ಹೊತ್ತು ಕೂತೆವೋ ಗೊತ್ತಿಲ್ಲ. ನಾನು ಕ್ಷಮಿಸಿ ಅಕ್ಕಾ ಎಂದೆ, ಆಕೆಗೆ ಕೇಳಿಸಿತೋ ಇಲ್ಲವೋ.

ಕೊನೆಗೆ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು, ಸಿಟ್ಟಿಲ್ಲದ ದನಿಯಲ್ಲಿ ಹೇಳಿದಳು.

"ತಂಗೀ, ನೀ ಎದ್ದ ಹೋಗವ್ವಾ. ಅಣ್ಣ ಬಂದ್ರ, ನಿನ್ನ ಇಲ್ಲಿ ನೋಡಿ ಹಂಗ ತಿರಗಿ ಹೋಗ್ತಾನ."

ನಾನು ಎದ್ದೆ.